ಒಂದೂ ಉಳಿಸದವಳ ಮೆಟ್ಟಿಲು

ನಮ್ಮೂರ ಹೊಳೆ ಬೆಳಿಗ್ಗೆ ಹೋಗುತ್ತದೆ, ಸಂಜೆ ವಾಪಸು ಬರುತ್ತದೆ. ಹೋಗುವಾಗ ಅದರ ಕೈಗೆ ನೀವು ಏನು ಕೊಟ್ಟಿರುತ್ತೀರೋ ಅದನ್ನು ಬರುವಾಗ ನಿಮ್ಮ ಮನೆಯ ಮೆಟ್ಟಿಲಿಗೇ ತಂದು ಇಟ್ಟು ಹೋಗುತ್ತದೆ. ಹರಿದ ಚಪ್ಪಲಿ ಬಿಟ್ಟರೆ ಚಪ್ಪಲಿ, ಒಡೆದ ಮಡಕೆ ಬಿಟ್ಟರೆ ಮಡಕೆ. ನಮ್ಮ ಪಕ್ಕದ ಮನೆ ಗುರುಬಾಯಿ ಒಮ್ಮೆ ಸಿಟ್ಟಿನ ಭರದಲ್ಲಿ ಗಂಡನ ಹಾರ್ಮೋನಿಯಂ ಎತ್ತಿ ಹೊಳೆಗೆ ಹಾಕಿದ್ದಳು. ಸಂಜೆ ಅದು ಅವಳ ಮೆಟ್ಟಿಲ ಮೇಲೆ ಬಂದು ಕೂತಿತ್ತು. ಆಮೇಲೂ ನುಡಿಯುತ್ತಿತ್ತು, ಸ್ವಲ್ಪ ನೆಗಡಿಯಾದವರ ಹಾಗೆ.

ಅದಕ್ಕೇ ನಮ್ಮಲ್ಲಿ ಪ್ರತಿ ಮನೆಗೂ ಹೊಳೆಗೆ ಇಳಿಯಲು ತನ್ನದೇ ಮೆಟ್ಟಿಲು. ಒಬ್ಬರ ಮೆಟ್ಟಿಲು ಇನ್ನೊಬ್ಬರು ಇಳಿಯುವ ಹಾಗಿರಲಿಲ್ಲ. ಇನ್ನೊಂದು ಕಟ್ಟಳೆಯನ್ನು ನಮ್ಮ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುತ್ತಿದ್ದರು: ನೀರು ತಿರುಗುವ ಹೊತ್ತಿನಲ್ಲಿ ಹೊಳೆಯ ಕಡೆ ನೋಡಬಾರದು. ಯಾರಿಗೆ ಏನು ವಾಪಸು ಬಂತು ಅನ್ನುವುದು ಅವರವರ ಮರ್ಯಾದೆ. ಆ ಹೊತ್ತಿಗೆ ಎಲ್ಲರೂ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆವು. ದೀಪ ಹಚ್ಚಿದ ಮೇಲೆ ಒಬ್ಬೊಬ್ಬರಾಗಿ ಹೊರಗೆ ಬಂದು, ನಮ್ಮನಮ್ಮದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಒಯ್ಯುತ್ತಿದ್ದೆವು. ನಮ್ಮೂರ ಅಟ್ಟಗಳನ್ನು ನೀವು ನೋಡಬೇಕು. ಏನನ್ನೂ ಬಿಸಾಡಲಾಗದ ಜನ ನಾವು.

ಹೊಳೆ ವಾಪಸು ತಾರದ ವಸ್ತು ಒಂದೇ ಒಂದಿತ್ತು, ಔಷಧ. ಗುಳಿಗೆಯೋ, ಪುಡಿಯೋ, ಬಾಟಲಿಯ ತಳದಲ್ಲಿ ಉಳಿದ ಕೆಮ್ಮಿನ ಔಷಧವೋ, ಬೆಳಿಗ್ಗೆ ಬಿಟ್ಟರೆ ಸಂಜೆ ಮೆಟ್ಟಿಲು ಖಾಲಿ. ಗುಳಿಗೆಯ ಹೊದಿಕೆ ಮಾತ್ರ ತಿರುಗಿ ಬರುತ್ತಿತ್ತು. ಹಾಗಾಗಿ ಗುಳಿಗೆಗಳನ್ನು ಒಂದೊಂದಾಗಿ ಒತ್ತಿ ತೆಗೆದು ಬಿಡುತ್ತಿದ್ದೆವು. ಎಲ್ಲವನ್ನೂ ತಿರುಗಿಸಿ ಮುಖಕ್ಕೆ ಹಿಡಿಯುವ ಹೊಳೆ ಇದೊಂದನ್ನು ಇಟ್ಟುಕೊಳ್ಳುತ್ತದೆ ಅಂದರೆ ಅದಕ್ಕೆ ಇದು ಒಪ್ಪಿಗೆಯಾಗಿದೆ ಅಂತಲೇ ಅರ್ಥ. ಹಾಗಂತ ನಾವು ತಿಳಿದೆವು. ನಮ್ಮ ಹಿರಿಯರೂ ತಿಳಿದಿದ್ದರು.

ಹೀಗೆ ಹುಟ್ಟಿದ್ದು ಮದ್ದು ಬಿಡುವ ಪದ್ಧತಿ. ಜಡ್ಡು ಬಿದ್ದವರು ಚೂರು ಚೇತರಿಸಿಕೊಂಡರೋ, ಅವತ್ತೇ ಔಷಧ ನಿಲ್ಲಿಸಬೇಕು. ಉಳಿದದ್ದನ್ನು ಔಡಲದ ಎಲೆಯ ಮೇಲಿಟ್ಟು, ಕುಂಕುಮ ಹಾಕಿ, ಹೊಳೆಗೆ ಬಿಡಬೇಕು. ಎಷ್ಟು ಹೆಚ್ಚು ಉಳಿಯಿತೋ ಅಷ್ಟು ಹೆಚ್ಚುಗಾರಿಕೆ. ನಮ್ಮ ಓಣಿಯಲ್ಲಿ ಆರಾಮಾದಿರಾ ಅಂತ ಯಾರೂ ಕೇಳುತ್ತಿರಲಿಲ್ಲ, ಎಷ್ಟು ಉಳಿದವು ಅಂತ ಕೇಳುತ್ತಿದ್ದರು. ಗುರುಬಾಯಿಯ ಅಳಿಯನ ಜ್ವರ ಒಂದೇ ದಿನಕ್ಕೆ ಇಳಿದಾಗ ಅವಳು ತುಂಬಿದ ಎಲೆಯನ್ನು ಮನೆ ಮನೆಗೆ ತಂದು ತೋರಿಸಿ, ಆಮೇಲೆ ಹೊಳೆಗೆ ಬಿಟ್ಟಳು. ನನಗೆ ಹೊಟ್ಟೆ ಉರಿದುಹೋಗಿತ್ತು. ಆದರೆ ನಮ್ಮ ಮನೆಯೇನೂ ಕಡಿಮೆಯಲ್ಲ. ಅತ್ತೆಯ ಉಬ್ಬಸ, ಮಾವನ ಹುಣ್ಣು, ಮಕ್ಕಳ ಕಿವಿಸೋರು, ಎಲ್ಲದರಲ್ಲೂ ಉಳಿಸಿ ಉಳಿಸಿ ಬಿಟ್ಟಿದ್ದೇವೆ.

ಊರಿಗೆಲ್ಲ ಮದ್ದು ಬಿಡದ ಮನೆ ಒಂದೇ, ಓಣಿಯ ಕೊನೆಯ ಹುಲಿಗೆವ್ವನದು. ಕಸ ಗುಡಿಸುವ ಬಾರಿಗೆ ಕಟ್ಟಿ ಮಾರುವ ಒಂಟಿ ಹೆಂಗಸು. ಅವಳಿಗೂ ಜ್ವರ ಬರುತ್ತಿತ್ತು, ಆಸ್ಪತ್ರೆಯಲ್ಲಿ ಅವಳಿಗೂ ಗುಳಿಗೆ ಕೊಡುತ್ತಿದ್ದರು. ಕೊಟ್ಟಷ್ಟನ್ನೂ ನುಂಗಿಬಿಡುತ್ತಿದ್ದಳು. ಅದಕ್ಕೆ ಅವಳಿಗೆ ಒಂದೂ ಉಳಿಸದವಳು ಅಂತ ಹೆಸರು ಬಿದ್ದಿತ್ತು. ಹೊಳೆಗೆ ಏನೂ ಕೊಡದವಳ ಮೆಟ್ಟಿಲೆಂದು ಜನ ಆ ಕಡೆ ಮುಖ ಹಾಕುತ್ತಿರಲಿಲ್ಲ.

ನಮ್ಮದು ಕಂಬಳಿ, ಕೌದಿ, ಜಮಖಾನ ತೊಳೆದುಕೊಡುವ ಮನೆ. ಕಂಬಳಿಯನ್ನು ಕೈಯಲ್ಲಿ ಉಜ್ಜಿದರೆ ಕೊಳೆ ಬಿಡುವುದಿಲ್ಲ. ನೀರೊಳಗಿನ ಹಾಸುಗಲ್ಲಿನ ಮೇಲೆ ಹರವಿ, ಅಂಟುವಾಳ ಹಾಕಿ, ಕಾಲಿನಿಂದ ತುಳಿಯಬೇಕು. ಆ ಕೆಲಸದಲ್ಲಿ ನನ್ನ ಗಂಡ ಬಾಳಪ್ಪನ ಸಮ ಯಾರೂ ಇಲ್ಲ. ಸೊಂಟದ ಮೇಲೆ ಕೈಯಿಟ್ಟು, ಕಣ್ಣು ಅರೆ ಮುಚ್ಚಿ ತುಳಿಯುತ್ತಿದ್ದರೆ ದಾರಿಹೋಕರೂ ನಿಂತು ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ನಮ್ಮ ಮನೆಯ ಅನ್ನ ಅವನ ಅಂಗಾಲಿನಲ್ಲಿತ್ತು.

ಆ ಅಂಗಾಲಿಗೇ ಸೂಜಿ ಹೊಕ್ಕಿತು. ಯಾರೋ ಕೌದಿ ಹೊಲಿದವರು ಮರೆತು ಒಳಗೇ ಬಿಟ್ಟಿದ್ದ ತುಕ್ಕು ಹಿಡಿದ ಸೂಜಿ. ಅವನು ಅದನ್ನು ಕಿತ್ತು ಅಂಗಿಗೆ ಸಿಕ್ಕಿಸಿಕೊಂಡು, ಇಡೀ ಕೌದಿ ತುಳಿದು ಮುಗಿಸಿ ಆಮೇಲೆ ನನಗೆ ತೋರಿಸಿದ. ಮರುದಿನ ಪಾದ ಊದಿತು. ಆಸ್ಪತ್ರೆಗೆ ಹೋದೆವು. ಅಲ್ಲಿಗೆ ಹೊಸದಾಗಿ ಬಂದಿದ್ದ ಡಾಕ್ಟರ್ ಸಬೀಹಾ ಗಾಯ ಸ್ವಚ್ಛ ಮಾಡಿ, ಗುಳಿಗೆ ಕೊಟ್ಟು, ಪೂರ್ತಿ ಮುಗಿಸಬೇಕು ಅಂತ ಎರಡೆರಡು ಸಲ ಹೇಳಿದರು. ನಾನು ತಲೆಯಾಡಿಸಿದೆ. ಮನೆಗೆ ಬಂದು ನನ್ನ ಕಡೆಯಿಂದ ಇನ್ನೊಂದು ಸೇರಿಸಿದೆ. ಹೊತ್ತು ಹೊತ್ತಿಗೆ ಅವನನ್ನು ನಮ್ಮ ಮೆಟ್ಟಿಲ ಮೇಲೆ ಕೂರಿಸಿ, ಪಟ್ಟಿ ಬಿಚ್ಚಿ, ಹೊಳೆಯ ನೀರು ಹಾಕಿ ಗಾಯ ತೊಳೆದೆ. ತಲೆಮಾರುಗಳಿಂದ ನಮ್ಮ ಮನೆಯ ಮದ್ದು ಕುಡಿದ ನೀರು ಅದು. ಅದಕ್ಕಿಂತ ದೊಡ್ಡ ಔಷಧ ಯಾವುದಿದೆ? ಕೆಳಗಿನ ಕೆಸರನ್ನೂ ಒಂದಿಷ್ಟು ತೆಗೆದು ಸುತ್ತ ಬಳಿದೆ.

ಊತ ಇಳಿಯಲಿಲ್ಲ. ಡಾಕ್ಟರು ಗುಳಿಗೆ ಬದಲಿಸಿದರು. ಊತ ಹಿಮ್ಮಡಿ ದಾಟಿತು. ಮತ್ತೆ ಬದಲಿಸಿದರು. ಕಿರುಬೆರಳು ಕಪ್ಪಾಗತೊಡಗಿತು, ಬಾಳಪ್ಪ ಜ್ವರದಲ್ಲಿ ಕಂಬಳಿ ಲೆಕ್ಕ ಹಾಕತೊಡಗಿದ. ಆಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಜೋರಿನ ಇಂಜೆಕ್ಷನ್ ಒಂದಿದೆ, ನಗರದಿಂದ ತರಿಸುತ್ತಿದ್ದೇನೆ, ಅದಕ್ಕೂ ಬಗ್ಗದಿದ್ದರೆ ಜೀವ ಉಳಿಸಲು ಪಾದ ತೆಗೆಯಬೇಕಾಗುತ್ತದೆ ಅಂದರು. ಪಾದ ಹೋದ ಬಾಳಪ್ಪನನ್ನು ನಾನು ಎಲ್ಲಿ ಕೂರಿಸಲಿ? ಕೂತರೆ ಅವನು ಬದುಕುತ್ತಾನೆಯೇ?

ಗಾಯ ಯಾವ ನೀರಿನಲ್ಲಿ ತೊಳೆಯುತ್ತೀರಿ ಅಂತ ಅವರು ಕೇಳಿದರು. ನಾನು ಹೆಮ್ಮೆಯಿಂದಲೇ ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಮದ್ದು ಬಿಡುವ ಕಥೆಯನ್ನೆಲ್ಲ ಬಿಡಿಸಿ ಬಿಡಿಸಿ ಕೇಳಿ ತಿಳಿದುಕೊಂಡರು. ಆಮೇಲೆ ಮೆಲ್ಲಗೆ ಹೇಳಿದ್ದು ಇಷ್ಟು: ನೀವು ಬಿಟ್ಟ ಔಷಧ ಎಲ್ಲೂ ಹೋಗಿಲ್ಲ. ಕರಗಿ, ತಿರುಗಿ ಬಂದು, ನಿಮ್ಮ ಮೆಟ್ಟಿಲ ಕೆಸರಿನಲ್ಲೇ ಕೂತಿದೆ. ಅಲ್ಲಿನ ರೋಗಾಣುಗಳು ದಿನಾ ಅದರ ರುಚಿ ನೋಡಿ ನೋಡಿ ಅದನ್ನು ಅರಗಿಸಿಕೊಳ್ಳುವುದನ್ನು ಕಲಿತಿವೆ. ಅಂಥವನ್ನೇ ನೀವು ಗಾಯಕ್ಕೆ ಹಾಕಿದ್ದೀರಿ. ಅದಕ್ಕೇ ನನ್ನ ಗುಳಿಗೆಗೆ ಅವು ಹೆದರುತ್ತಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಬಂದು ಒಂದು ಮಳೆಗಾಲ ಕಂಡಿಲ್ಲ, ನಮ್ಮ ಹೊಳೆಗೆ ಹೆಸರಿಡುತ್ತಾರೆ!

“ವಾಪಸು ಬರಲಿಲ್ಲ ಅಂದಮ್ಯಾಲೆ ಹೋತು ಅಂತನ ಅಲ್ಲೇನ್ರೀ ಡಾಕ್ಟರಮ್ಮಾ?” ಅಂದೆ.

“ಸಕ್ಕರೆ ನೀರಲ್ಲಿ ಕರಗಿದ್ರೆ ಸಕ್ಕರೆ ಹೋಯ್ತು ಅಂತೀರಾ ತಂಗೆವ್ವ?” ಅಂದರು. “ಬರಲಿಲ್ಲ ಅನ್ನೋದನ್ನ ಯಾರು ನೋಡಿದ್ದಾರೆ? ಆ ಹೊತ್ತಲ್ಲಿ ನೀವೆಲ್ಲ ಬಾಗಿಲು ಹಾಕಿಕೊಂಡಿರ್ತೀರಲ್ಲ.”

ಮೇಜಿನ ಮೇಲೆ ಬಾಯಿಹುಣ್ಣಿಗೆ ಹಚ್ಚುವ ನೇರಳೆ ಬಣ್ಣದ ಔಷಧದ ಬಾಟಲಿಯಿತ್ತು. ನಾನು ಅದರ ಕಡೆ ಬೆರಳು ತೋರಿಸಿ, ಇದರಲ್ಲಿ ಚೂರು ಕೊಡಿ, ನಾಳೆ ಊರೆಲ್ಲರ ಎದುರು ಬಿಡುತ್ತೇನೆ, ನೀರು ತಿರುಗುವಾಗ ಊರೆಲ್ಲರ ಕಣ್ಣಿಗೂ ತೋರಿಸುತ್ತೇನೆ, ಹೊಳೆ ಇಟ್ಟುಕೊಳ್ಳುತ್ತದೋ ಇಲ್ಲವೋ ನೋಡೇಬಿಡೋಣ ಅಂದೆ. ಇನ್ನೊಂದು ಹನಿಯನ್ನೂ ಹೊಳೆಗೆ ಹಾಕಲು ಅವರಿಗೆ ಮನಸ್ಸಿರಲಿಲ್ಲ. ಬಾಳಪ್ಪನ ಕಾಲಿನ ಕಡೆ ನೋಡಿದರು. ಇದೊಂದೇ ಸಲ, ಅಂತ ಹೇಳಿ ಪುಟ್ಟ ಶೀಶೆಗೆ ಬಗ್ಗಿಸಿಕೊಟ್ಟರು. ಅಲ್ಲಿಯ ತನಕ ಆ ನೀರನ್ನು ಗಾಯಕ್ಕೆ ಮುಟ್ಟಿಸುವುದಿಲ್ಲ ಅಂತ ನನ್ನಿಂದ ಮಾತು ತೆಗೆದುಕೊಂಡರು.

ಸುದ್ದಿ ನನಗಿಂತ ಮೊದಲು ಓಣಿ ಮುಟ್ಟಿತ್ತು. ಬೆಳಿಗ್ಗೆ ನಾನು ಎಲೆ ಹಿಡಿದು ಇಳಿಯುವಾಗ ಆಚೆ ಈಚೆಯ ಕಟ್ಟೆಗಳ ಮೇಲೆ ಕಾಲಿಡಲು ಜಾಗವಿರಲಿಲ್ಲ. ನೇರಳೆ ಔಷಧ ನೀರಿಗೆ ಬಿದ್ದು ಒಂದು ಗಳಿಗೆ ಹೂವಿನಂತೆ ಅರಳಿತು. ಮರುಗಳಿಗೆ ಎಳೆಎಳೆಯಾಗಿ ಹರಿದುಹೋಯಿತು. ನೀರು ಮತ್ತೆ ತಿಳಿ. ಜನ ಚಪ್ಪಾಳೆ ತಟ್ಟಿದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೆದ್ದವಳ ಠೀವಿಯಲ್ಲಿ ಮೆಟ್ಟಿಲು ಹತ್ತಿದೆ. ಸಂಜೆ ಎಲ್ಲರೂ ಬರಬೇಕು, ನೋಡಬೇಕು, ನನ್ನ ಮೆಟ್ಟಿಲು, ನಾನೇ ಅಪ್ಪಣೆ ಕೊಟ್ಟಿದ್ದೇನೆ ಅಂತ ಕೂಗಿ ಹೇಳಿದೆ.

ಅವತ್ತು ಊರಿನಲ್ಲಿ ಅರ್ಧ ಮನೆಗಳ ಒಲೆ ಹೊತ್ತಲಿಲ್ಲ. ನಾನು ಗೆಲ್ಲುತ್ತೇನೋ ಡಾಕ್ಟರು ಗೆಲ್ಲುತ್ತಾರೋ ಅನ್ನುವುದು ಯಾರಿಗೂ ಅಷ್ಟಾಗಿ ಬೇಕಿರಲಿಲ್ಲ. ನೀರು ತಿರುಗುವುದನ್ನು ನೋಡಬಹುದು! ಹುಟ್ಟಿದಾಗಿನಿಂದ ಹೊಳೆಯ ದಂಡೆಯಲ್ಲೇ ಬದುಕಿದ ಮುದುಕರೂ ಅದನ್ನು ಕಂಡಿರಲಿಲ್ಲ. ಹೆಂಗಸರು ಮದುವೆಗೆ ಉಡುವ ಸೀರೆ ತೆಗೆದರು, ಗಂಡಸರು ಕ್ಷೌರ ಮಾಡಿಸಿಕೊಂಡರು. ಕೆಲವರು ಯಾರಿಗೂ ಗುರುತು ಸಿಗದಿರಲೆಂದು ಮುಖಕ್ಕೆ ಟವೆಲು ಸುತ್ತಿಕೊಂಡು ಬಂದರು, ಬಂದವರು ಒಬ್ಬರನ್ನೊಬ್ಬರು ಹೆಸರು ಹಿಡಿದೇ ಮಾತಾಡಿಸಿದರು. ಡಾಕ್ಟರು ಛತ್ರಿ ಹಿಡಿದು ಬಂದು ಹಿಂದೆ ನಿಂತರು. ಬಾಳಪ್ಪನನ್ನು ಇಬ್ಬರು ಕುರ್ಚಿ ಸಮೇತ ಎತ್ತಿ ತಂದು ಮೇಲಿನ ಮೆಟ್ಟಿಲಲ್ಲಿ ಕೂರಿಸಿದರು. ನಾನು ಕೆಳಗಿಳಿದು, ಕಡೆಯ ಮೆಟ್ಟಿಲಲ್ಲಿ, ಪಾದ ಮುಳುಗುವಷ್ಟು ನೀರಿನಲ್ಲಿ ನಿಂತೆ. ಗೆಲುವು ಹತ್ತಿರದಿಂದಲೇ ಕಾಣಲಿ ಅಂತ.

ಹೊಳೆ ನಿಂತಿತು. ಹಾಗೆ ನಿಲ್ಲುತ್ತದೆ ಅಂತ ನಮಗೆ ಗೊತ್ತೇ ಇರಲಿಲ್ಲ. ಹರಿಯುವ ಸದ್ದು ಒಮ್ಮೆಲೇ ಇಲ್ಲವಾಯಿತು, ಅಷ್ಟು ಜನರ ಉಸಿರು ಕೇಳಿಸಿತು. ನೀರಿನ ಮೈ ಒಂದು ಸಲ ನಡುಗಿ, ಮೆಲ್ಲಗೆ ಈ ಕಡೆ ತಿರುಗಿತು. ಯಾರೋ ಹೆಂಗಸು ಸಂತೋಷಕ್ಕೆ ಅತ್ತೇಬಿಟ್ಟಳು. ನನಗೂ ಮೈ ಜುಮ್ಮೆಂದಿತು. ಇಷ್ಟು ಚಂದದ್ದನ್ನು ನಾವು ಬಾಗಿಲು ಹಾಕಿಕೊಂಡು ಕಳೆದುಕೊಂಡೆವಲ್ಲ ಅನ್ನಿಸಿತು.

ಆಮೇಲೆ ಸಾಮಾನು ಬರತೊಡಗಿದವು. ಒಂದು ಬಾಚಣಿಗೆ, ಒಂದು ಒಣ ಸೋರೆಕಾಯಿ, ಹಲ್ಲಿನ ಸೆಟ್ಟು, ತಳ ಹಿಡಿದ ಬೇಳೆಯ ಪಾತ್ರೆ. ಒಂದೊಂದೂ ತನ್ನ ಮನೆಯ ಎದುರಿಗೆ ಬಂದೊಡನೆ ದನ ಕೊಟ್ಟಿಗೆಗೆ ಹೊರಳುವ ಹಾಗೆ ಹೊರಳಿ ಮೆಟ್ಟಿಲು ಸೇರುತ್ತಿತ್ತು. ಹಲ್ಲಿನ ಸೆಟ್ಟು ಊರ ಹಿರಿಯರೊಬ್ಬರ ಮೆಟ್ಟಿಲ ಕಡೆ ಹೊರಟಾಗ ಅವರು ಬಾಯಿಗೆ ಕೈ ಅಡ್ಡ ಹಿಡಿದರು. ಪಾತ್ರೆ ಗುರುಬಾಯಿಯದಾಗಿತ್ತು. ಅಡಿಗೆಯಲ್ಲಿ ತನ್ನನ್ನು ಮೀರಿಸಿದವರಿಲ್ಲ ಅನ್ನುವವಳ ಪಾತ್ರೆ. ನಗು ಎದ್ದಿತು, ಅವಳೂ ಬೇರೆ ದಾರಿ ಕಾಣದೆ ನಕ್ಕಳು.

ನಗುತ್ತಿದ್ದವರಲ್ಲಿ ಯಾರೋ ನಡುಹೊಳೆಯ ಕಡೆ ಕೈ ಮಾಡಿದರು. ಅಲ್ಲೊಂದು ನೇರಳೆ ಎಳೆ ಬರುತ್ತಿತ್ತು. ಮೊದಲು ದಾರದಷ್ಟು, ಆಮೇಲೆ ಸೀರೆಯ ಅಂಚಿನಷ್ಟು. ಎಲ್ಲೆಲ್ಲಿ ಹರಿದು ಹಂಚಿಹೋಗಿತ್ತೋ ಅಲ್ಲೆಲ್ಲದರಿಂದ ಕೂಡಿಕೊಂಡು ದಟ್ಟವಾಗುತ್ತಾ ಬಂತು. ಕೆಳಗಿನ ಮನೆಗಳ ಮೆಟ್ಟಿಲು ದಾಟಿತು. ಗುರುಬಾಯಿಯ ಮೆಟ್ಟಿಲನ್ನೂ ದಾಟಿತು. ನನ್ನ ಎದುರಿಗೆ ಬಂದು ಹೊರಳಿತು. ನಾನು ಕದಲಲಿಲ್ಲ, ಕದಲಲು ಆಗಲಿಲ್ಲ. ಅದು ನನ್ನ ಎರಡೂ ಪಾದಗಳ ಸುತ್ತ ಸುತ್ತಿಕೊಂಡು, ಮೆಟ್ಟಿಲ ಸಂದಿಯ ಕೆಸರಿನಲ್ಲಿ ಇಳಿದು ಕೂತಿತು.

ನನಗೆ ನನ್ನ ಕೈಗಳು ಕಂಡವು. ಇದೇ ಕೈಗಳಿಂದ, ಇದೇ ನೀರನ್ನು, ಇದೇ ಕೆಸರನ್ನು, ಪ್ರೀತಿಯಿಂದ ಅವನ ಗಾಯಕ್ಕೆ ಹಾಕಿದ್ದೆ. ಬಿಕ್ಕಿ ಬಿಕ್ಕಿ ಅತ್ತೆ.

“ತಂಗೀ, ಸಾಕು, ನೀರಿಂದ ಮ್ಯಾಲೆ ಬಾ” ಅಂದ ಬಾಳಪ್ಪ. ತಂಗೆವ್ವ ಅನ್ನುವ ನನ್ನ ಹೆಸರನ್ನು ಹಾಗೆ ತುಂಡು ಮಾಡಿ ಅವನು ಮನೆಯೊಳಗಷ್ಟೇ ಕರೆಯುತ್ತಿದ್ದ, ಊರೆಲ್ಲರೆದುರು ಕರೆದದ್ದು ಅದೇ ಮೊದಲು.

ಗುರುಬಾಯಿ ತನ್ನ ಮೆಟ್ಟಿಲನ್ನೇ ನೋಡುತ್ತಿದ್ದಳು. ಅಲ್ಲಿ ನೀರು ತಿಳಿಯಾಗಿತ್ತು. ಆ ತಿಳಿಯನ್ನು ನೋಡಿಯೇ ಅವಳು ಹೆದರಿದ್ದಳು. ಎಷ್ಟೋ ಬಿಳಿ ಗುಳಿಗೆ ಬಿಟ್ಟ ಮೆಟ್ಟಿಲು ಅದು, ಅವಕ್ಕೆ ಬಣ್ಣವಿರಲಿಲ್ಲ ಅಷ್ಟೆ. ಇದ್ದಕ್ಕಿದ್ದಂತೆ ಅವಳು ಮೊಮ್ಮಗನಿಗೆಂದು ಅಲ್ಲಿಂದಲೇ ತುಂಬಿಟ್ಟಿದ್ದ ಕೊಡವನ್ನು ಎತ್ತಿಕೊಂಡು ಬಂದು, ಎಲ್ಲಿ ಚೆಲ್ಲಬೇಕು ಅಂತ ತಿಳಿಯದೆ ಡಾಕ್ಟರ ಮುಂದೆ ನಿಂತಳು.

ನಗರದ ಬಸ್ಸಿನಲ್ಲಿ ಇಂಜೆಕ್ಷನ್ ಬಂತು. ಬಾಳಪ್ಪನನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ನಾನು ಬಾವಿಯ ನೀರು ಕಾಯಿಸಿ ಆರಿಸಿ ಒಯ್ಯುತ್ತಿದ್ದೆ. ಪಾದ ಮುಟ್ಟುವ ಮುಂಚೆ ಕೈ ತೊಳೆಯುತ್ತಿದ್ದೆ, ಮುಟ್ಟಿ ಬಂದಮೇಲೂ ತೊಳೆಯುತ್ತಿದ್ದೆ. ದಿನಾ ಬೆಳಿಗ್ಗೆ ಡಾಕ್ಟರು ಪಟ್ಟಿ ಬಿಚ್ಚುವಾಗ ಅವರ ಮುಖವನ್ನೇ ನೋಡುತ್ತಿದ್ದೆ. ಕಿರುಬೆರಳು ಉಳಿಯಲಿಲ್ಲ. ಒಂದು ಬೆಳಿಗ್ಗೆ ಮಾತ್ರ ಅವರು ಪಟ್ಟಿ ಬಿಚ್ಚಿ ಸುಮ್ಮನೆ ನಕ್ಕು, ನನ್ನ ಹೆಬ್ಬೆರಳು ಹಿಡಿದು ಅವನ ಪಾದದ ಮೇಲೆ ಒತ್ತಿಸಿದರು. ಒತ್ತಿದ ಜಾಗ ಬೆಳ್ಳಗಾಗಿ, ಮತ್ತೆ ಕೆಂಪಾಯಿತು. ಪಾದದಲ್ಲಿ ರಕ್ತ ಓಡುತ್ತಿತ್ತು! ನಾನು ಆಸ್ಪತ್ರೆಯ ಅಂಗಳದಲ್ಲಿ ನಿಂತು, ಹೋಗಿ ಬರುವವರನ್ನೆಲ್ಲ ತಡೆದು ಹೇಳಿದೆ. ಹೇಳಿದವರಿಗೇ ಮತ್ತೆ ಹೇಳಿದೆ.

ಊರು ಬದಲಾಯಿತು ಅಂದರೆ ಬದಲಾಯಿತು. ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರು ಬೀಗವಿರುವ ತಗಡಿನ ಪೆಟ್ಟಿಗೆ ಇಟ್ಟರು. ಅಟ್ಟದ ಮೇಲಿನ ಹಳೆಯ ಗುಳಿಗೆ, ಬಾಟಲಿ, ಮುಲಾಮು ಎಲ್ಲ ಅದಕ್ಕೆ. ನಗರದಲ್ಲಿ ಇದಕ್ಕೇ ಅಂತ ಇರುವ ದೊಡ್ಡ ಕುಲುಮೆಗೆ ಹಾಕಿ ಸುಡುತ್ತಾರಂತೆ. ಕೊಟ್ಟ ಗುಳಿಗೆಯನ್ನು ಹೇಳಿದಷ್ಟು ದಿನ ನುಂಗುವುದನ್ನೂ ಜನ ಮುಖ ಕಿವುಚಿಕೊಂಡೇ ಕಲಿತರು. ನೀರು ತಿರುಗುವಾಗ ಈಗ ಯಾರೂ ಬಾಗಿಲು ಹಾಕುವುದಿಲ್ಲ. ಬಂದದ್ದೆಲ್ಲ ಮೆಟ್ಟಿಲ ಬುಡಕ್ಕೇ ಬಂದು ಕೂರುವುದರಿಂದ, ನೀರು ಇಳಿದ ಕೂಡಲೇ ಸಲಿಕೆ ಹಿಡಿದು ಆ ಕೆಸರು ಬಗೆದು, ಡಾಕ್ಟರು ಹೇಳಿದಂತೆ ಕಟ್ಟಿಸಿದ ಗುಂಡಿಗೆ ಸಾಗಿಸುತ್ತೇವೆ. ಬೇರೆ ಊರಿನ ಹೊಳೆಗಳು ಬಿಟ್ಟದ್ದನ್ನೆಲ್ಲ ಹೊತ್ತುಕೊಂಡು ಎಲ್ಲಿಗೋ ಹೋಗಿಬಿಡುತ್ತವಂತೆ, ಪಾಪ, ಅವರಿಗೆ ಬಗೆಯಲೂ ಸಿಗುವುದಿಲ್ಲ.

ಆದರೆ ನಮ್ಮ ಮೆಟ್ಟಿಲು ಶುದ್ಧವಾಗಲು ವರ್ಷವೇ ಬೇಕಾದೀತು, ಅಲ್ಲಿಯ ತನಕ ಬಾಳಪ್ಪ ಅದಕ್ಕೆ ಕಾಲಿಡುವಂತಿಲ್ಲ ಅಂತ ಡಾಕ್ಟರು ಖಡಾಖಂಡಿತ ಹೇಳಿದರು. ಅವನೋ ಗಾಯ ಮಾಯ್ದ ದಿನದಿಂದ ಹಾಸಿಗೆಯ ಮೇಲೇ ಕಾಲಾಡಿಸುತ್ತಿದ್ದ. ಮನೆಯ ತುಂಬ ಕಂಬಳಿ ರಾಶಿ ಬಿದ್ದಿತ್ತು. ಗುರುಬಾಯಿ ನಮ್ಮ ಮೆಟ್ಟಿಲಿಗೆ ಬನ್ನಿ ಅಂದಳು, ಹೇಳಿ ಮುಗಿಸುವ ಮೊದಲೇ ತಾನೇ ತಲೆ ತಗ್ಗಿಸಿದಳು. ಔಷಧ ಬೀಳದ ಮೆಟ್ಟಿಲು ಯಾವುದಾದರೂ ಇದೆಯೇ ಅಂತ ಡಾಕ್ಟರು ಕೇಳಿದರು. ಅಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಓಣಿಯ ಕೊನೆಯ ಕಡೆ ತಿರುಗಿದರು. ಡಾಕ್ಟರು ಹೋಗಿ ಅಲ್ಲಿಯ ನೀರು, ಕೆಸರು ತುಂಬಿಕೊಂಡು ನಗರಕ್ಕೆ ಕಳಿಸಿದರು. ಅಲ್ಲಿ ಇಳಿಯಬಹುದು ಅಂತ ಉತ್ತರ ಬಂತು.

ಕೇಳಲು ನಾನೇ ಹೋದೆ. ಅಷ್ಟು ವರ್ಷ ಒಂದೇ ಓಣಿಯಲ್ಲಿದ್ದೂ ಆ ಅಂಗಳ ಮೆಟ್ಟಿರಲಿಲ್ಲ. ಹುಲಿಗೆವ್ವ ಬಾರಿಗೆ ಕಟ್ಟುತ್ತಾ ಕೂತಿದ್ದಳು, ನನ್ನನ್ನು ಕಂಡು ಬಾರಿಗೆ ಬೇಕೇನೋ ಅಂತ ಒಂದನ್ನು ಮುಂದೆ ಚಾಚಿದಳು. ನಾನು ಬಂದ ಕೆಲಸ ಹೇಳಿದೆ. ಮಾತು ತಡವರಿಸಿತು, ನನ್ನಂಥವಳದ್ದೂ ತಡವರಿಸಿತು. ಅವಳು, ನಿಮಗೆ ಬೇಕಾದದ್ದು ನನ್ನ ಮೆಟ್ಟಿಲೇ, ಅಂತ ಕೇಳಿದಳು. ಹೌದು ಅಂದೆ. ಮತ್ತೆ ಅದನ್ನೇ ಕೇಳಿದಳು. ಆಮೇಲೆ ಕೈಲಿದ್ದ ಹೊಸ ಬಾರಿಗೆಯಿಂದಲೇ ತನ್ನ ಮೆಟ್ಟಿಲ ಮೂರು ಸೊಟ್ಟ ಕಲ್ಲುಗಳನ್ನು ಗುಡಿಸತೊಡಗಿದಳು.

ಬಾಳಪ್ಪ ಕೋಲೂರಿಕೊಂಡು ಬಂದ. ಹಿಂದೆ ಓಣಿಗೆ ಓಣಿಯೇ ಕಂಬಳಿ ಹೊತ್ತು ಬಂದಿತ್ತು. ಅಷ್ಟು ಜನ ತನ್ನ ಅಂಗಳದಲ್ಲಿ ನಿಂತದ್ದನ್ನು ಕಂಡು ಹುಲಿಗೆವ್ವ ಗಾಬರಿಯಾಗಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಗುರುಬಾಯಿಗೆ ಸುಮ್ಮನಿರಲು ಬರುವುದಿಲ್ಲ. ಎಲ್ಲರೂ ಉಳಿಸುತ್ತಿದ್ದಾಗ ನೀನೊಬ್ಬಳೇ ಯಾಕೆ ಪೂರ್ತಿ ನುಂಗುತ್ತಿದ್ದೆ, ನಿನಗೆ ಮೊದಲೇ ಯಾರಾದರೂ ಹೇಳಿದ್ದರೇನು ಅಂತ ಕೇಳಿಯೇಬಿಟ್ಟಳು.

“ನನಗ ಯಾರ ಹೇಳತಾರ್ರಿ ಅಕ್ಕಾ” ಅಂದಳು ಹುಲಿಗೆವ್ವ. “ಎಷ್ಟು ಉಳದಾವ ಅಂತ ಕೇಳಾಕ ಯಾರೂ ಬರತಿದ್ದಿಲ್ಲ. ಯಾರಿಗೆ ತೋರಸಾಕ ಉಳಸಲಿ? ಅದಕ್ಕ ಎಲ್ಲಾ ನುಂಗತಿದ್ನಿ.”

ಗುರುಬಾಯಿ ತಲೆಯ ಮೇಲಿನ ಕಂಬಳಿಯ ಗಂಟನ್ನು ಕೆಳಗಿಳಿಸಿದಳು. ಹುಲಿಗೆವ್ವ ಮಾತ್ರ ಅದನ್ನೇನೂ ಗಮನಿಸದೆ, ಕಲ್ಲು ಜಾರುತ್ತದೆ ಅಂತ ಹೇಳಿ ಬಾಳಪ್ಪನ ಕಡೆ ಕೈ ಚಾಚಿದಳು. ಅವನು ಕೋಲು ನನಗೆ ಕೊಟ್ಟು, ಆ ಕೈ ಹಿಡಿದು, ನಾಲ್ಕು ಬೆರಳಿನ ಪಾದವನ್ನು ಮೊದಲು ಇಟ್ಟು ನೀರಿಗೆ ಇಳಿದ.